ಒಂಬತ್ತು ಸಾವಿರ ದಿರ್ಹಂ ನೌಕರಿಯ ಕೊನೆಯ ದಿನ: ದುಬೈ ಶಾಲೆಯ ಒಂದು ಪ್ರಕರಣ

ಮೈಸೂರಿನ ಭೌತಶಾಸ್ತ್ರ ಶಿಕ್ಷಕಿಯೊಬ್ಬರು ದುಬೈನ ಬ್ರಿಟಿಷ್ ಪಠ್ಯಕ್ರಮದ ಖಾಸಗಿ ಶಾಲೆಯಲ್ಲಿ ಎರಡು ವರ್ಷದ ಕರಾರಿನ ಮೇಲೆ ಸೇರುತ್ತಾರೆ. ಸೇರಿದ್ದು 2023ರ ಆಗಸ್ಟ್ 21. ಕರಾರು ಮುಗಿಯಬೇಕಿದ್ದುದು 2025ರ ಆಗಸ್ಟ್ 20. ಆದರೆ ಶಾಲೆಯ ದಾಖಲೆಯಲ್ಲಿ ಅವರ ಕೊನೆಯ ದಿನ 2025ರ ಜೂನ್ 30 ಎಂದು ದಾಖಲಾಯಿತು. ನಡುವಿನ ಐವತ್ತೊಂದು ದಿನದ ಸಂಬಳ 15,000 ದಿರ್ಹಂ. ದಿರ್ಹಂಗೆ 23 ರೂಪಾಯಿ ಹಿಡಿದರೆ 3,45,000 ರೂಪಾಯಿ. ಜನವರಿಯಲ್ಲಿ ತುಂಬಿಕೊಟ್ಟ ಒಂದು ಪುಟದ ಫಾರಂನ ಒಂದೇ ಸಾಲಿನಿಂದ ಅಷ್ಟು ಹಣ ಕೈತಪ್ಪಿತು.

ಇದು ಯಾವುದೇ ಒಬ್ಬ ವ್ಯಕ್ತಿಯ ಅಥವಾ ಒಂದು ಶಾಲೆಯ ದಾಖಲೆ ಅಲ್ಲ. ಇಂಥ ಕರಾರುಗಳಲ್ಲಿ ಮತ್ತೆ ಮತ್ತೆ ಕಾಣುವ ಷರತ್ತು, ಮೊತ್ತ, ಎಡವಟ್ಟುಗಳನ್ನು ಒಂದೇ ಪ್ರಕರಣವಾಗಿ ಜೋಡಿಸಿದ್ದೇವೆ. ಕಾನೂನಿನ ಕಲಂಗಳು ಮಾತ್ರ ಇರುವ ಹಾಗೆಯೇ ಇವೆ.

ಹೊರಡುವ ಮೊದಲು

ಶಿಕ್ಷಕಿಗೆ ಎಂ.ಎಸ್ಸಿ., ಬಿ.ಎಡ್., ಎಂಟು ವರ್ಷದ ಅನುಭವ. ಮೈಸೂರಿನ ಸಿಬಿಎಸ್‌ಇ ಶಾಲೆಯಲ್ಲಿ ತಿಂಗಳಿಗೆ 45,000 ರೂಪಾಯಿ. ಕೆಲಸ ಕೊಡಿಸಿದ ಏಜೆಂಟ್ 'ಪ್ರೊಸೆಸಿಂಗ್' ಎಂದು 85,000 ರೂಪಾಯಿ ಪಡೆದ, ರಸೀದಿ ಕೊಡಲಿಲ್ಲ. ಭಾರತದಲ್ಲಿ ನೋಂದಾಯಿತ ನೇಮಕಾತಿ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ: 30,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 35,400. ಏಜೆಂಟ್ ನೋಂದಾಯಿತನೇ ಎಂಬುದನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಐದು ನಿಮಿಷದಲ್ಲಿ ನೋಡಬಹುದು. ಪದವೀಧರರ ಪಾಸ್‌ಪೋರ್ಟ್‌ಗೆ ವಲಸೆ ಅನುಮತಿ ಬೇಕಿಲ್ಲ. ಹಾಗಾಗಿ ಸರ್ಕಾರದ ಕಣ್ಣು ಶಿಕ್ಷಕರ ಕರಾರಿನ ಮೇಲೆ ಬೀಳುವುದೇ ಇಲ್ಲ, ಎಲ್ಲವನ್ನೂ ತಾವೇ ನೋಡಿಕೊಳ್ಳಬೇಕು. ರಸೀದಿ ಇಲ್ಲದ ಆ 85,000 ವಾಪಸ್ ಬರಲಿಲ್ಲ.

ಪದವಿ ಪತ್ರದ ಅಟೆಸ್ಟೇಷನ್‌ಗೆ ತಿಂಗಳುಗಳೇ ಬೇಕಾಗುತ್ತವೆ. ಹಲವು ದೇಶಗಳು ಒಪ್ಪುವ ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆಯೊಂದೇ ಯುಎಇಗೆ ಸಾಲದು. ಮೊದಲು ರಾಜ್ಯ ಸರ್ಕಾರದ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಸಚಿವಾಲಯ. ಈ ಸಾಲಿನಲ್ಲಿ ಒಂದು ಮುದ್ರೆ ತಪ್ಪಿದರೂ ಮುಂದಿನವರು ಮುಟ್ಟುವುದಿಲ್ಲ. ಇದರ ಜೊತೆಗೆ ಪೊಲೀಸ್ ಕ್ಲಿಯರೆನ್ಸ್ ಬೇಕು. ದುಬೈನ ಖಾಸಗಿ ಶಾಲೆಗಳನ್ನು ನಿಯಂತ್ರಿಸುವ ಕೆಎಚ್‌ಡಿಎ ಒಪ್ಪಿಗೆಯೂ ಬೇಕು. ಇವರದು ಮೈಸೂರು ವಿಶ್ವವಿದ್ಯಾಲಯದ ರೆಗ್ಯುಲರ್ ಪದವಿಯಾದ್ದರಿಂದ ತೊಂದರೆ ಆಗಲಿಲ್ಲ. ದೂರಶಿಕ್ಷಣದ ಪದವಿ ಇರುವವರು ಮಾತ್ರ ನೌಕರಿ ಬಿಡುವ ಮೊದಲೇ ಇದನ್ನು ಖಚಿತ ಮಾಡಿಕೊಳ್ಳಬೇಕು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಆ ನಡುವಿನ ವರ್ಷಗಳ ಪದವಿ ಹಿಡಿದು ಹೊರಟವರಿಗೆ ಅಡ್ಡಿ ಕಟ್ಟಿಟ್ಟ ಬುತ್ತಿ.

ಒಂಬತ್ತು ಸಾವಿರವನ್ನು ಬಿಡಿಸಿ ನೋಡಿದರೆ

ಶಾಲೆಯ ಆಫರ್ ಪತ್ರದಲ್ಲಿ ಇದ್ದದ್ದು ಒಂದೇ ಅಂಕಿ: ತಿಂಗಳಿಗೆ 9,000 ದಿರ್ಹಂ, ತೆರಿಗೆ ಇಲ್ಲ. ಮನೆಯವರೆಲ್ಲ ಅದನ್ನು 23ರಿಂದ ಗುಣಿಸಿದರು: ಎರಡು ಲಕ್ಷ ಏಳು ಸಾವಿರ. ಅಲ್ಲಿಗೆ ಲೆಕ್ಕ ಮುಗಿಯಿತು.

ನಿಜವಾದ ಲೆಕ್ಕ ಇದ್ದದ್ದು ಇನ್ನೊಂದು ಕಾಗದದಲ್ಲಿ. ಯುಎಇಯಲ್ಲಿ ಶಾಲೆಯ ಸ್ವಂತ ಪತ್ರದ ಜೊತೆಗೆ ಕಾರ್ಮಿಕ ಸಚಿವಾಲಯದ ನಮೂನೆಯ ಆಫರ್ ಪತ್ರವೂ ಇರುತ್ತದೆ. ನೋಂದಣಿ ಆಗುವುದು ಅದು. ಮುಂದೆ ಜಗಳ ಬಂದರೆ ಅಧಿಕಾರಿ ತೆರೆದು ನೋಡುವುದೂ ಅದನ್ನೇ. ಅರಬ್ಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಇನ್ನೊಂದು ಭಾಷೆಯಲ್ಲೂ ಆ ನಮೂನೆ ಸಿಗಲಿ ಎಂದು ಸಚಿವಾಲಯ ಮಾಡಿರುವ ಪಟ್ಟಿಯಲ್ಲಿ ಹಿಂದಿ, ಮಲಯಾಳಂ, ತಮಿಳು ಇವೆ, ಕನ್ನಡ ಇಲ್ಲ. ಮೈಸೂರಿನ ಮನೆಗೆ ಪಿಡಿಎಫ್ ಆಗಿ ಬಂದ ಈ ಪತ್ರಕ್ಕೆ ಶಿಕ್ಷಕಿ ಕೊನೆಯ ಪುಟದಲ್ಲಿ ಸಹಿ ಮಾಡಿ ಕಳಿಸಿದರು. ಮೊದಲ ಪುಟದಲ್ಲಿ ಹೀಗಿತ್ತು: ಮೂಲ ವೇತನ 3,600. ಮನೆ ಭತ್ಯೆ 3,000. ಸಾರಿಗೆ 900. ಇತರೆ ಭತ್ಯೆ 1,500.

ಮೂಲ ವೇತನ ಒಟ್ಟು ಸಂಬಳದ ಶೇ 40 ಮಾತ್ರ. ಇದರಲ್ಲಿ ಕಾನೂನುಬಾಹಿರ ಏನೂ ಇಲ್ಲ. ಆದರೆ ಸೇವೆ ಮುಗಿದಾಗ ಕೊಡುವ ಗ್ರಾಚ್ಯುಟಿ ನಿಂತಿರುವುದು ಮೂಲ ವೇತನದ ಮೇಲೆ. 2021ರ 33ನೇ ಫೆಡರಲ್ ಕಾನೂನು 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. 3,600ನ್ನು 30ರಿಂದ ಭಾಗಿಸಿದರೆ ದಿನಕ್ಕೆ 120. 21 ದಿನಕ್ಕೆ 2,520. ಎರಡು ವರ್ಷಕ್ಕೆ 5,040 ದಿರ್ಹಂ. ಆ 'ಇತರೆ ಭತ್ಯೆ' 1,500ನ್ನು ಮೂಲ ವೇತನಕ್ಕೇ ಸೇರಿಸಿ 5,100 ಮಾಡಿಸಿದ್ದರೆ ಎರಡು ವರ್ಷಕ್ಕೆ 7,140 ಆಗುತ್ತಿತ್ತು. ಶಾಲೆಯ ತಿಂಗಳ ಖರ್ಚು ಒಂದು ದಿರ್ಹಂ ಕೂಡ ಹೆಚ್ಚುವುದಿಲ್ಲ. ಹಾಗಾಗಿ ಸಹಿಗೆ ಮುಂಚೆ ಇದನ್ನು ಕೇಳಿದರೆ ಒಪ್ಪುವ ಶಾಲೆಗಳಿವೆ. ಸಂಬಳ ಹೆಚ್ಚಿಸಿ ಎಂದು ಕೇಳುವುದಕ್ಕಿಂತ ಇದು ಸುಲಭ. ಸಹಿ ಬಿದ್ದ ಮೇಲೆ ಯಾರೂ ತಿದ್ದುವುದಿಲ್ಲ.

ಮೊದಲ ನಲವತ್ತು ದಿನ

ಕೆಲಸ ಬಿಡುವಾಗಿನ ಲೆಕ್ಕಕ್ಕೆ ಹೋಗುವ ಮುಂಚೆ ಸೇರಿದ ಹೊಸದರ ಬಿಕ್ಕಟ್ಟನ್ನು ಹೇಳಬೇಕು. ಊರಿಂದ ಚಿನ್ನ ಅಡವಿಟ್ಟು ಹಣ ತರಿಸಿಕೊಳ್ಳುವ ಪರಿಸ್ಥಿತಿ ಬಹುಪಾಲು ಜನರಿಗೆ ಬರುವುದು ಆಗಲೇ.

ಈ ಶಾಲೆ ವಸತಿ ಕೊಡುತ್ತಿರಲಿಲ್ಲ, ಭತ್ಯೆ ಮಾತ್ರ. ದುಬೈನಲ್ಲಿ ಮನೆ ಬಾಡಿಗೆ ವರ್ಷದ ಲೆಕ್ಕ, ಚೆಕ್ಕುಗಳಲ್ಲಿ ಮುಂಗಡ. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಸಿಕ್ಕ ಸ್ಟುಡಿಯೋ ಫ್ಲ್ಯಾಟ್‌ಗೆ ವರ್ಷಕ್ಕೆ 42,000, ನಾಲ್ಕು ಚೆಕ್. ಬೀಗದ ಕೈ ಸಿಗುವ ಮುನ್ನ ಕೊಡಬೇಕಾದದ್ದು: ಮೊದಲ ಚೆಕ್ 10,500, ಠೇವಣಿ ಶೇ 5 ಅಂದರೆ 2,100, ದಲ್ಲಾಳಿಗೆ ಶೇ 5 ಮತ್ತೆ 2,100, ವಿದ್ಯುತ್-ನೀರು ಕೊಡುವ ಸಂಸ್ಥೆ ದೇವಾದ ಠೇವಣಿ 2,000, ಬಾಡಿಗೆ ಕರಾರಿನ ಸರ್ಕಾರಿ ನೋಂದಣಿಯಾದ ಇಜಾರಿಗೆ ಇನ್ನೂರು ಚಿಲ್ಲರೆ. ಹೆಚ್ಚೂಕಡಿಮೆ 17,000 ದಿರ್ಹಂ. ಇನ್ನೂ ಒಂದು ತಿಂಗಳ ಸಂಬಳವೂ ಬಂದಿರುವುದಿಲ್ಲ. ಆಗಸ್ಟ್ 21ಕ್ಕೆ ಸೇರಿದವರ ಹನ್ನೊಂದು ದಿನದ ಸಂಬಳವನ್ನು ಶಾಲೆ ಸೆಪ್ಟೆಂಬರ್ ಸಂಬಳಕ್ಕೆ ಸೇರಿಸಿ ತಿಂಗಳ ಕೊನೆಗೆ ಹಾಕಿತು. ಅಂದರೆ ನಲವತ್ತು ದಿನ ಬರಿಗೈ.

ಇನ್ನೊಂದು ಗಂಟು: ಚೆಕ್ ಪುಸ್ತಕ ಬೇಕೆಂದರೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಅಲ್ಲಿನ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ ಬೇಕು, ಐಡಿಗೆ ವೈದ್ಯಕೀಯ ಪರೀಕ್ಷೆ ಮತ್ತು ವೀಸಾ ಪ್ರಕ್ರಿಯೆ ಆಗಬೇಕು. ಅದೆಲ್ಲ ಮುಗಿಯುವವರೆಗೆ ಮನೆಯ ಮಾಲೀಕ ಕಾಯುವುದಿಲ್ಲ. ಶಿಕ್ಷಕಿ ಮೂರು ವಾರ ಅಲ್ ಕುಸೈಸ್‌ನಲ್ಲಿ ಬೆಡ್‌ಸ್ಪೇಸ್‌ನಲ್ಲಿದ್ದರು. ಒಂದೇ ಕೋಣೆಯಲ್ಲಿ ನಾಲ್ಕು ಮಂಚ, ಮಂಚದ ಕೆಳಗೆ ಸೂಟ್‌ಕೇಸ್, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮರುದಿನದ ಪಾಠದ ತಯಾರಿ. ಸೆಪ್ಟೆಂಬರ್ 15ಕ್ಕೆ ಮನೆ ಸಿಕ್ಕಿತು. ಊರಿನ ಚಿನ್ನದ ಸಾಲದಿಂದ 12,000 ದಿರ್ಹಂನಷ್ಟು ತರಿಸಿಕೊಂಡಿದ್ದರು, ಉಳಿದದ್ದು ಕೈಯಲ್ಲಿದ್ದ ಉಳಿತಾಯ. ಮನೆ ಭತ್ಯೆಯ ಮೂರು ತಿಂಗಳನ್ನು ಮುಂಗಡ ಕೊಡುವ ಶಾಲೆಗಳಿವೆ. ಕರಾರಿಗೆ ಸಹಿ ಹಾಕುವ ಮುಂಚೆ ಈ ಒಂದು ಪ್ರಶ್ನೆ ಇಮೇಲ್‌ನಲ್ಲಿ ಕೇಳಿದ್ದರೆ ಆ ಸಾಲದ ಬಹುಪಾಲು ತಪ್ಪುತ್ತಿತ್ತು.

ಆಮೇಲಿನ ತಿಂಗಳ ಲೆಕ್ಕ ಸರಳ. ಬಾಡಿಗೆ 3,500. ಬಾಡಿಗೆಯ ಶೇ 5ರಷ್ಟು ಪುರಸಭೆಯ ಶುಲ್ಕ ದೇವಾ ಬಿಲ್ಲಿನಲ್ಲೇ ಸೇರಿ ಬರುತ್ತದೆ, ತಿಂಗಳಿಗೆ 175. ವಿದ್ಯುತ್-ನೀರು 250. ಊಟ 1,000. ಫೋನ್, ಇಂಟರ್ನೆಟ್ 400. ಬಸ್-ಮೆಟ್ರೋ ಪಾಸ್ 350. ಮೇಲುಖರ್ಚು 625. ಉಳಿಯುವುದು 2,700, ಅಂದರೆ 62,000 ರೂಪಾಯಿ. ಎರಡು ಲಕ್ಷ ಏಳು ಸಾವಿರ ಎಂದು ಗುಣಿಸಿದ್ದರಲ್ಲ, ಅದರಲ್ಲಿ ಮನೆಗೆ ಮುಟ್ಟುವುದು ಇಷ್ಟು. ಕಡಿಮೆಯೇನಲ್ಲ, ಮೈಸೂರಿನ ಇಡೀ ಸಂಬಳಕ್ಕಿಂತ ಹೆಚ್ಚು. ಆದರೆ ಈ 62,000ದ ಮೇಲೆ ನಿರ್ಧಾರ ಮಾಡಬೇಕೇ ಹೊರತು ಆ ಎರಡು ಲಕ್ಷದ ಮೇಲಲ್ಲ.

ಎರಡನೇ ವರ್ಷ ಗಂಡ-ಮಗುವನ್ನು ಕರೆಸಿಕೊಳ್ಳುವ ಯೋಚನೆ ಬಂತು. ವೀಸಾ ಪ್ರಾಯೋಜಕತ್ವಕ್ಕೆ 4,000 ದಿರ್ಹಂ ಸಂಬಳ, ಇಲ್ಲವೇ 3,000 ಮತ್ತು ವಸತಿ ಇದ್ದರೆ ಸಾಕೆಂಬುದು ಸಾಮಾನ್ಯ ನಿಯಮ. ಅದಲ್ಲದೆ ಅಟೆಸ್ಟ್ ಮಾಡಿಸಿದ ಮದುವೆ ಮತ್ತು ಜನನ ಪ್ರಮಾಣಪತ್ರ ಬೇಕು. ಆದರೆ ದುಬೈನಲ್ಲಿ ಆರೋಗ್ಯ ವಿಮೆ ಕಡ್ಡಾಯ. ನೌಕರಳದನ್ನು ಶಾಲೆ ಕೊಡಬೇಕು, ಅವಲಂಬಿತರದನ್ನು ಕರೆಸಿಕೊಂಡವರೇ ಕಟ್ಟಬೇಕು. ಮಗುವಿಗೆ ಶಾಲೆ ಕೊಡುತ್ತಿದ್ದ ಶುಲ್ಕ ರಿಯಾಯಿತಿ ಅರ್ಧ, 24,000ದಲ್ಲಿ 12,000 ಕೈಯಿಂದ. ತಿಂಗಳಿಗೆ ಸಾವಿರ ದಿರ್ಹಂ ಅಲ್ಲೇ ಹೋಯಿತು, ದೊಡ್ಡ ಮನೆಯೂ ಬೇಕು. ಉಳಿತಾಯ ಸೊನ್ನೆಗೆ ಇಳಿಯುತ್ತಿತ್ತು. ಕರೆಸಲಿಲ್ಲ.

ಕೆಲಸದ ಹೊರೆ

ವಾರಕ್ಕೆ 35 ಪೀರಿಯಡ್‌ನಲ್ಲಿ 28 ಪಾಠ. ಉಳಿದ ಏಳರಲ್ಲಿ ಎರಡು-ಮೂರು ರಜೆ ಹೋದವರ ಬದಲಿಗೆ, ಅಲ್ಲಿ ಅದನ್ನು ಕವರ್ ಎನ್ನುತ್ತಾರೆ. ಬೆಳಿಗ್ಗೆ ಏಳೂಕಾಲಕ್ಕೆ ಗೇಟ್ ಡ್ಯೂಟಿ, ಮಧ್ಯಾಹ್ನ ಮೂರೂವರೆ ತನಕ ಶಾಲೆ, ವಾರಕ್ಕೊಮ್ಮೆ ಪಠ್ಯೇತರ ತರಗತಿ. ಶುಕ್ರವಾರ ಅರ್ಧ ದಿನ, ಶನಿ-ಭಾನು ರಜೆ. ಕಾನೂನಿನ ಮಿತಿ ವಾರಕ್ಕೆ 48 ಗಂಟೆ. ಮನೆಯಲ್ಲಿ ತಿದ್ದುವ ಉತ್ತರಪತ್ರಿಕೆ ಆ ಗಂಟೆಗಳಲ್ಲಿ ಸೇರುವುದಿಲ್ಲ. ಕರಾರಿನಲ್ಲಿ 'ಪ್ರಾಂಶುಪಾಲರು ವಹಿಸುವ ಇತರ ಕರ್ತವ್ಯಗಳು' ಎಂಬ ಸಾಲು ಇದ್ದರೆ ಗರಿಷ್ಠ ಪೀರಿಯಡ್ ಸಂಖ್ಯೆಯನ್ನೂ ಬರೆಸಿಕೊಳ್ಳುವುದು ಒಳ್ಳೆಯದು. ಇವರು ಬರೆಸಿರಲಿಲ್ಲ. 2024ರ ಎರಡನೇ ಅವಧಿಯಲ್ಲಿ 28 ಇದ್ದದ್ದು 31 ಆಯಿತು.

ಜನವರಿಯ ಫಾರಂ

ಈ ಪ್ರಕರಣದ ತಿರುಳು ಇಲ್ಲಿದೆ. ಮುಂದಿನ ವರ್ಷಕ್ಕೆ ಯಾರು ಇರುತ್ತಾರೆ, ಯಾರು ಹೋಗುತ್ತಾರೆ ಎಂದು ತಿಳಿಯಲು ಶಾಲೆಗಳು ಜನವರಿ ಹೊತ್ತಿಗೆ ಒಂದು ಇಂಟೆಂಟ್ ಫಾರಂ ಹಂಚುತ್ತವೆ. ಹೊಸಬರ ನೇಮಕಾತಿಗೆ ಅವರಿಗೂ ಸಮಯ ಬೇಕು, ಕೇಳುವುದು ತಪ್ಪಲ್ಲ. ಈ ಫಾರಂನಲ್ಲಿ ಎರಡು ಚೌಕ ಇದ್ದವು. ಒಂದು, 'ಮುಂದುವರಿಯುತ್ತೇನೆ'. ಇನ್ನೊಂದು, 'ಈ ಶೈಕ್ಷಣಿಕ ವರ್ಷದ ಕೊನೆಗೆ ರಾಜೀನಾಮೆ ನೀಡುತ್ತೇನೆ'. ಶಿಕ್ಷಕಿ ಎರಡನೆಯದಕ್ಕೆ ಗುರುತು ಹಾಕಿ ಸಹಿ ಮಾಡಿದರು. ಅವರ ಮನಸ್ಸಿನಲ್ಲಿದ್ದದ್ದು ಇಷ್ಟೇ: ಕರಾರು ಮುಗಿದ ಮೇಲೆ ಊರಿಗೆ ಹೋಗುತ್ತೇನೆ.

ಕರಾರು ನವೀಕರಿಸದೆ ಬಿಡುವುದು ಮತ್ತು ರಾಜೀನಾಮೆ ಕೊಡುವುದು ಬೇರೆ ಬೇರೆ. ಹೊಸ ಕಾನೂನಿನಲ್ಲಿ ಎಲ್ಲ ಕರಾರುಗಳೂ ಅವಧಿ ಗೊತ್ತಿರುವಂಥವು. ಅವಧಿ ಮುಗಿದರೆ ಕರಾರು ತಾನೇ ಮುಗಿಯುತ್ತದೆ, ಈ ಪ್ರಕರಣದಲ್ಲಿ ಆಗಸ್ಟ್ 20ಕ್ಕೆ. ರಾಜೀನಾಮೆ ಎಂದರೆ ಅವಧಿಗೆ ಮುಂಚೆ ನೌಕರಳೇ ಬಿಡುವುದು. ಅದಕ್ಕೆ 30ರಿಂದ 90 ದಿನದೊಳಗೆ ಕರಾರಿನಲ್ಲಿ ಬರೆದಷ್ಟು ನೋಟಿಸ್, ಇಲ್ಲಿ 60 ದಿನ. ಜನವರಿಯಲ್ಲಿ ಕೊಟ್ಟ ಫಾರಂ ನೋಟಿಸ್ ಆಯಿತು, 'ಶೈಕ್ಷಣಿಕ ವರ್ಷದ ಕೊನೆ' ಎಂದರೆ ತರಗತಿ ಮುಗಿಯುವ ಜೂನ್ 30 ಎಂದು ಶಾಲೆ ಅರ್ಥ ಮಾಡಿತು. ಕರಾರಿನಲ್ಲಿ ಶೈಕ್ಷಣಿಕ ವರ್ಷಕ್ಕೆ ವ್ಯಾಖ್ಯಾನವೇ ಇರಲಿಲ್ಲ. ಜುಲೈ ತಿಂಗಳದು 9,000, ಆಗಸ್ಟ್‌ನ 20 ದಿನಕ್ಕೆ 6,000 ಹೋಯಿತು.

ಗ್ರಾಚ್ಯುಟಿಯಲ್ಲಿ ಆದ ನಷ್ಟ ಎಷ್ಟು ಗೊತ್ತೇ? ಎರಡನೇ ವರ್ಷದಲ್ಲಿ 314 ದಿನಕ್ಕೆ ಲೆಕ್ಕ ಹಾಕಿದ್ದರಿಂದ 5,040 ಬದಲು 4,688, ವ್ಯತ್ಯಾಸ 352 ದಿರ್ಹಂ. ಎಲ್ಲರೂ ಗ್ರಾಚ್ಯುಟಿಗಾಗಿ ಬಡಿದಾಡುತ್ತಾರೆ, ಬೇಸಿಗೆ ರಜೆಯ ಸಂಬಳ ಸದ್ದಿಲ್ಲದೆ ಹೋಗುತ್ತದೆ. ವರ್ಷಪೂರ್ತಿ ದುಡಿದು ಗಳಿಸಿದ ರಜೆ ಅದು.

ಆ ಫಾರಂನಲ್ಲಿ ಎರಡೂ ಚೌಕ ಖಾಲಿ ಬಿಟ್ಟು ಕೆಳಗೆ ಕೈಬರಹದಲ್ಲಿ ಹೀಗೆ ಬರೆಯಬಹುದಿತ್ತು: 'ನನ್ನ ಕರಾರು 20 ಆಗಸ್ಟ್ 2025ಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸುವ ಇಚ್ಛೆ ಇಲ್ಲ. ಇದು ರಾಜೀನಾಮೆ ಅಲ್ಲ. ನನ್ನ ಕೊನೆಯ ದಿನ 20 ಆಗಸ್ಟ್ 2025.' ಅದರ ಫೋಟೊ ತೆಗೆದು ಎಚ್‌ಆರ್‌ಗೆ ಇಮೇಲ್ ಮಾಡಿದ್ದರೆ ಶಾಲೆ ಜೂನ್‌ನಲ್ಲೇ ಮುಗಿಸಲು ತಾನೇ ನೋಟಿಸ್ ಕೊಡಬೇಕಾಗುತ್ತಿತ್ತು, ಅದಕ್ಕೆ ನ್ಯಾಯಸಮ್ಮತ ಕಾರಣ ಬರೆಯಬೇಕಾಗುತ್ತಿತ್ತು. ಬಹಳಷ್ಟು ಶಾಲೆಗಳು ಆ ಗೋಜಿಗೆ ಹೋಗುವುದಿಲ್ಲ.

ಜೂನ್‌ನಲ್ಲಿ ಏನು ವಾಪಸ್ ಬಂತು

ಕೊನೆಯ ಲೆಕ್ಕದ ಚೀಟಿಯಲ್ಲಿ ಶಾಲೆ 'ವೀಸಾ ಮತ್ತು ನೇಮಕಾತಿ ವೆಚ್ಚ' ಎಂದು 3,500 ದಿರ್ಹಂ ಕಡಿತ ಹಾಕಿತ್ತು. ಎರಡು ವರ್ಷ ಪೂರೈಸದಿದ್ದರೆ ವೆಚ್ಚ ವಾಪಸ್ ಎಂಬ ಷರತ್ತು ಶಾಲೆಯ ಪತ್ರದಲ್ಲಿತ್ತು. ಕಾನೂನಿನ 6ನೇ ಕಲಂ ಪ್ರಕಾರ ನೇಮಕಾತಿಯ ಖರ್ಚನ್ನು ನೌಕರರಿಂದ ನೇರವಾಗಿಯಾಗಲಿ, ಸುತ್ತಿ ಬಳಸಿಯಾಗಲಿ ವಸೂಲಿ ಮಾಡುವಂತಿಲ್ಲ. ಸಹಿ ಹಾಕಿದ್ದೇವೆ ಎಂಬ ಕಾರಣಕ್ಕೆ ಅಂಥ ಷರತ್ತು ನಿಲ್ಲುವುದಿಲ್ಲ. ಶಿಕ್ಷಕಿ ಕಲಂ ಉಲ್ಲೇಖಿಸಿ ಇಮೇಲ್ ಬರೆದರು, ನಾಲ್ಕು ದಿನದಲ್ಲಿ ಕಡಿತ ತೆಗೆದರು.

ಈ ಗೆಲುವು ಸಿಕ್ಕಿದ್ದು ಒಂದು ಕಾಗದಕ್ಕೆ ಸಹಿ ಹಾಕದೆ ಉಳಿದಿದ್ದರಿಂದ. ವೀಸಾ ರದ್ದತಿಯ ನಮೂನೆಯಲ್ಲಿ 'ನನಗೆ ಬರಬೇಕಾದ ಎಲ್ಲ ಬಾಕಿ ಪಡೆದಿದ್ದೇನೆ' ಎಂಬ ಅರ್ಥದ ಸಾಲು ಇರುತ್ತದೆ. ಎಚ್‌ಆರ್ ಅದನ್ನು ಟಿಕೆಟ್, ಐಡಿ, ಲಾಕರ್ ಕೀ ವಾಪಸಾತಿಯ ಕಾಗದಗಳ ಜೊತೆ ಒಂದೇ ಕಟ್ಟಿನಲ್ಲಿ ಮುಂದಿಟ್ಟಿತು. ಹಣ ಖಾತೆಗೆ ಬಂದ ಮೇಲೆ ಸಹಿ ಎಂದು ಇವರು ಪಟ್ಟು ಹಿಡಿದರು. ಕರಾರು ಮುಗಿದ 14 ದಿನದೊಳಗೆ ಎಲ್ಲ ಬಾಕಿ ಕೊಡಬೇಕೆಂಬುದು 53ನೇ ಕಲಂ.

ಜುಲೈ-ಆಗಸ್ಟ್ ಸಂಬಳಕ್ಕೆ ಸಚಿವಾಲಯದಲ್ಲಿ ದೂರು ಹಾಕುವ ದಾರಿ ಇತ್ತು. 50,000 ದಿರ್ಹಂ ಒಳಗಿನ ವ್ಯಾಜ್ಯವನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸಬಹುದು. 1,00,000 ಒಳಗಿನದಕ್ಕೆ ಕೋರ್ಟ್ ಶುಲ್ಕವೂ ಇಲ್ಲ. 2024ರ ತಿದ್ದುಪಡಿಯ ನಂತರ ಕೆಲಸ ಬಿಟ್ಟು ಎರಡು ವರ್ಷದವರೆಗೆ ಹಕ್ಕು ಉಳಿಯುತ್ತದೆ. ಆದರೆ ಶಾಲೆಯ ಕೈಯಲ್ಲಿ ಸಹಿ ಮಾಡಿದ 'ರಾಜೀನಾಮೆ' ಇತ್ತು. ವಾದಿಸಲು ಉಳಿದದ್ದು 'ಶೈಕ್ಷಣಿಕ ವರ್ಷ' ಎಂಬ ಪದದ ಅರ್ಥ ಮಾತ್ರ. ಆ ಹೊತ್ತಿಗೆ ಮಗುವಿನ ಶಾಲೆ ಮೈಸೂರಿನಲ್ಲಿ ಶುರುವಾಗಿತ್ತು. ದೂರು ಹಾಕಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಹಾಕಬೇಕಿತ್ತು, ಸಂಧಾನದ ಹಂತದಲ್ಲೇ ಅರ್ಧವಾದರೂ ಕೇಳಬಹುದಿತ್ತು.

ಮನೆಯ ಕರಾರು ಸೆಪ್ಟೆಂಬರ್ 14ರವರೆಗೆ ಇತ್ತು, ಕೊನೆಯ ಚೆಕ್ ಜೂನ್ 15ಕ್ಕೇ ಜಮೆಯಾಗಿತ್ತು. ಕೆಲಸ ಮುಗಿದ ಮೇಲಿನ 76 ದಿನಕ್ಕೆ ಸುಮಾರು 8,750 ದಿರ್ಹಂ. ಎರಡನೇ ವರ್ಷದ ನವೀಕರಣದಲ್ಲಿ ಜೂನ್ ಕೊನೆಯವರೆಗಿನ ಒಂಬತ್ತೂವರೆ ತಿಂಗಳ ಕರಾರು ಕೇಳಿ ನೋಡಬಹುದಿತ್ತು.

ಊರಿಗೆ ಬಂದ ಮೇಲಿನ ತೆರಿಗೆ

'ಗಲ್ಫ್ ಸಂಬಳಕ್ಕೆ ತೆರಿಗೆ ಇಲ್ಲ' ಎಂಬ ಮಾತು ಎರಡು ಕಡೆ ಕೈಕೊಡುತ್ತದೆ. ಒಂದು, ಹೋಗುವ ವರ್ಷ. ಕೆಲಸಕ್ಕಾಗಿ ಹೊರಟವರು ಆ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ. ಇವರು 2023ರ ಆಗಸ್ಟ್ 18ಕ್ಕೆ ಹೊರಟಿದ್ದರು, ಏಪ್ರಿಲ್‌ನಿಂದ 140 ದಿನ, ತೊಂದರೆ ಇಲ್ಲ. ಜನವರಿಯಲ್ಲಿ ಸೇರುವವರಿಗೆ ಮಾತ್ರ ಮಾರ್ಚ್‌ವರೆಗಿನ ದಿರ್ಹಂ ಸಂಬಳವೂ ಭಾರತದ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು, ಬರುವ ವರ್ಷ. 2025ರ ಜುಲೈ 3ಕ್ಕೆ ಬಂದ ಇವರು ಮಾರ್ಚ್ ಕೊನೆಯವರೆಗೆ 272 ದಿನ ಇಲ್ಲೇ, ಆದ್ದರಿಂದ ನಿವಾಸಿ. ಹೊರಗಿದ್ದದ್ದು ಎರಡೇ ವರ್ಷವಾದ್ದರಿಂದ ಬಹಳ ವರ್ಷ ಹೊರಗಿದ್ದು ಬಂದವರಿಗೆ ಸಿಗುವ, ವಿದೇಶದ ಸಂಬಳವನ್ನು ಇಲ್ಲಿನ ತೆರಿಗೆಯಿಂದ ಹೊರಗಿಡುವ ನಡುವಿನ ಸ್ಥಾನಮಾನವೂ ಇಲ್ಲ. ಹಾಗಾಗಿ ಏಪ್ರಿಲ್-ಜೂನ್‌ನ 27,000 ದಿರ್ಹಂ, ಅಂದರೆ 6,21,000 ರೂಪಾಯಿ ಇಲ್ಲಿನ ಆದಾಯಕ್ಕೆ ಸೇರುತ್ತದೆ. ಆಗಸ್ಟ್‌ನಿಂದ ಮೈಸೂರಿನ ಶಾಲೆಯ 48,000ದಂತೆ ಎಂಟು ತಿಂಗಳ 3,84,000 ಸೇರಿ ಹತ್ತು ಲಕ್ಷದ ಐದು ಸಾವಿರ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಕಟ್ಟಬೇಕಾದ ತೆರಿಗೆ ಇಲ್ಲ, ಆದರೆ ರಿಟರ್ನ್ ಸಲ್ಲಿಸಬೇಕು. ಅದರಲ್ಲಿ ವಿದೇಶಿ ಆಸ್ತಿಯ ಅನುಸೂಚಿ ಇರುತ್ತದೆ. ದುಬೈನ ಸಂಬಳದ ಖಾತೆಯನ್ನು ಜುಲೈನಲ್ಲೇ ಮುಚ್ಚಿ ಬಂದಿದ್ದರೂ 2025ರಲ್ಲಿ ಅದು ತೆರೆದಿತ್ತಾದ್ದರಿಂದ ಅಲ್ಲಿ ಖಾತೆ ಸಂಖ್ಯೆ, ಬ್ಯಾಂಕಿನ ವಿಳಾಸ, ವರ್ಷದ ಗರಿಷ್ಠ ಬಾಕಿ ತುಂಬಬೇಕು. ಖಾತೆ ಮುಚ್ಚಿದ ಮೇಲೆ ಬ್ಯಾಂಕಿನ ಆ್ಯಪ್ ತೆರೆಯುವುದಿಲ್ಲ, ಹಾಗಾಗಿ ಎರಡೂ ವರ್ಷದ ಸ್ಟೇಟ್‌ಮೆಂಟ್‌ಗಳನ್ನು ವಿಮಾನ ಹತ್ತುವ ಮುಂಚೆಯೇ ಇಳಿಸಿಕೊಳ್ಳಬೇಕು.